ಎರಡನೇ ತಿರುವಿನಲ್ಲಿ ನಿಂತ ಜೀಪು

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಜೀಪು ಗುಡ್ಡದ ರಸ್ತೆಯ ಎರಡನೇ ತಿರುವಿನಲ್ಲಿ ನಿಂತಿತು. ಹಿಂದಿನ ಭಾನುವಾರವೂ ಅಲ್ಲೇ ನಿಂತಿತ್ತು.

ಒಳಗೆ ಇಬ್ಬರಿದ್ದರು. ಸ್ಟಿಯರಿಂಗ್ ಹಿಡಿದಿದ್ದವನು ಪ್ಲಂಬರ್. ಕೆಲಸವಿಲ್ಲದ ದಿನಗಳಲ್ಲೆಲ್ಲ ಮನೆಯ ಶೆಡ್ಡಿನಲ್ಲಿ ಈ ಹಳೆಯ ಜೀಪನ್ನು ಬಿಚ್ಚಿ, ಉಜ್ಜಿ, ಜೋಡಿಸಿದವನು ಅವನೇ. ಪಕ್ಕದಲ್ಲಿ ನೆರೆಮನೆಯ ಎಲೆಕ್ಟ್ರಿಷಿಯನ್. ಯಾವ ಯಂತ್ರ ಕೆಟ್ಟರೂ ಮೊದಲು ವೈರನ್ನೇ ಅನುಮಾನಿಸುವ ಅವನನ್ನು ಬೀದಿಯವರು ಫ್ಯೂಸಣ್ಣ ಎನ್ನುತ್ತಾರೆ.

"ನಾನು ಹೇಳ್ಲಿಲ್ವಾ? ಕಿಡಿ ಕೊಡೋ ಕಾಯಿಲ್ ಬಿಸಿ ಆಗಿದೆ," ಎಂದ ಫ್ಯೂಸಣ್ಣ.

"ಹೋದ ವಾರ ತಾನೇ ಹೊಸ ಕಾಯಿಲ್ ಹಾಕಿದ್ಯಲ್ಲೋ."

"ಹೊಸದು ಬಿಸಿ ಆಗಬಾರ್ದು ಅಂತ ಕಾನೂನು ಇದೆಯಾ?"

ಫ್ಯೂಸಣ್ಣ ಬಾನೆಟ್ ಎತ್ತಿ ಕಾಯಿಲ್ ಮೇಲೆ ಒದ್ದೆ ಬಟ್ಟೆ ಹಾಕಿದ. ಪ್ಲಂಬರ್ ತನ್ನ ಸೀಟನ್ನೇ ಎತ್ತಿದ. ಈ ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕು ಚಾಲಕನ ಸೀಟಿನ ಕೆಳಗಿದೆ. ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಮೀಟರು ಇನ್ನೂ ರಿಪೇರಿಯಾಗಿರಲಿಲ್ಲವಾದ್ದರಿಂದ ಮುಚ್ಚಳ ತೆಗೆದು ಕೋಲು ಇಳಿಸಿ ನೋಡಿದ. ಅರ್ಧ ಟ್ಯಾಂಕು ಇತ್ತು. ಮುಚ್ಚಳ ಹಾಕಿ, ಕಾರ್ಬುರೇಟರಿಗೆ ಸ್ಪ್ಯಾನರಿನಿಂದ ಎರಡು ಸಲ ತಟ್ಟಿ, ಸ್ಟಾರ್ಟರ್ ಒತ್ತಿದ. ಏನೂ ಆಗಿಯೇ ಇಲ್ಲವೆಂಬಂತೆ ಎಂಜಿನ್ ಶುರುವಾಯಿತು.

"ನೋಡಿದ್ಯಾ?" ಎಂದ ಫ್ಯೂಸಣ್ಣ, ಒದ್ದೆ ಬಟ್ಟೆ ಹಿಂಡುತ್ತ.

ಪ್ಲಂಬರ್ ಜೀಪನ್ನು ಮನೆಯ ಕಡೆ ತಿರುಗಿಸಿದ. ಹನ್ನೆರಡಕ್ಕೆ ಅಣ್ಣ ಬರುವವನಿದ್ದ.

ಅಣ್ಣ ಡ್ರೈವಿಂಗ್ ಶಾಲೆ ನಡೆಸುತ್ತಾನೆ. ಜೀಪು ಅವರ ಅಪ್ಪನದು. ಅಪ್ಪ ತೀರಿಹೋದ ಮೇಲೆ ಅಣ್ಣತಮ್ಮಂದಿರ ಮನೆಗಳ ನಡುವಿನ ಶೆಡ್ಡಿನಲ್ಲಿ ನಿಂತಲ್ಲೇ ತುಕ್ಕು ಹಿಡಿಯುತ್ತಿತ್ತು. ಈಗ ಶಾಲೆಗೆ ಇನ್ನೊಂದು ಕಾರು ಬಂದಿದೆ. ಅದನ್ನು ನಿಲ್ಲಿಸಲು ಅಣ್ಣನಿಗೆ ಶೆಡ್ಡು ಬೇಕು. ಅವನ ಷರತ್ತು ಸರಳವಾಗಿತ್ತು: "ಗುಡ್ಡದ ಮೇಲಿನ ನೀರಿನ ಟ್ಯಾಂಕ್ ತನಕ ಎಂಜಿನ್ ನಿಲ್ಲದ ಹಾಗೆ ಹತ್ತಿಸು, ನಾನು ಪಕ್ಕದಲ್ಲಿ ಕೂತಿರ್ತೀನಿ. ಹತ್ತಿದ್ರೆ ಜೀಪೂ ನಿಂದು, ಶೆಡ್ಡೂ ನಿಂದು. ಇಲ್ಲಾಂದ್ರೆ ಸೋಮವಾರ ಗುಜರಿಯವನಿಗೆ ಫೋನ್ ಮಾಡ್ತೀನಿ. ಆಮೇಲೆ ಮುಖ ಊದಿಸ್ಕೋಬಾರ್ದು."

ತಮ್ಮ ಮುಖ ಊದಿಸಿಕೊಂಡಿರಲಿಲ್ಲ. ಆದರೆ ವಾರವಿಡೀ ಸರಿಯಾಗಿ ಊಟ ಮಾಡಿರಲಿಲ್ಲ. ಅದನ್ನು ಹೆಂಡತಿ ಗಮನಿಸಿದ್ದಳು.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಅವಳು ಚಹಾ ಹಿಡಿದು ಶೆಡ್ಡಿಗೆ ಬಂದಾಗ, ನಿಂತಲ್ಲೇ ಓಡುತ್ತಿದ್ದ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.

"ಏನಂತೆ ಪೇಷೆಂಟು?"

"ಸ್ವಲ್ಪ ಹೊತ್ತು ಓಡುತ್ತೆ, ಕೆಮ್ಮುತ್ತೆ, ನಿಲ್ಲುತ್ತೆ. ಆಮೇಲೆ ಮತ್ತೆ ಓಡುತ್ತೆ."

"ಏನು ಮಾಡಿದ ಮೇಲೆ ಓಡುತ್ತೆ?"

"ಕಾಯಿಲ್ ತಣ್ಣಗೆ ಮಾಡಿದ ಮೇಲೆ," ಎಂದ ಫ್ಯೂಸಣ್ಣ.

"ಕಾರ್ಬುರೇಟರ್ ತಟ್ಟಿದ ಮೇಲೆ," ಎಂದ ಗಂಡ.

"ಎತ್ತು ಏರಿಗೆ, ಕೋಣ ನೀರಿಗೆ. ಮಧ್ಯದಲ್ಲಿ ಪೇಷೆಂಟ್ ಸಾಯ್ತಿದೆ," ಎಂದು ಅವಳು ಲೋಟ ಕೊಟ್ಟಳು.

ಪ್ಲಂಬರ್ ಲೋಟವನ್ನು ಮಡ್‌ಗಾರ್ಡ್ ಮೇಲಿಟ್ಟು, ಅಭ್ಯಾಸದಂತೆ ಸೀಟು ಎತ್ತಿ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಸುಂಯ್ ಎಂದು ಸಣ್ಣ ಸದ್ದು ಬಂತು.

"ರೀ, ಏನದು?"

"ಯಾವುದು?"

"ಈಗ ಗಾಳಿ ಒಳಗೆ ಎಳ್ಕೊಂಡಿತಲ್ಲ."

"ಮುಚ್ಚಳ ಅಷ್ಟು ಬಿಗಿಯಾಗಿದೆ ಅಂತ ಅರ್ಥ. ಕೂರಿಸಿದ್ದು ಯಾರು?" ಅವನ ದನಿಯಲ್ಲಿ ಹೆಮ್ಮೆಯಿತ್ತು.

"ನಿಂತಾಗೆಲ್ಲ ಇದನ್ನ ತೆಗೀತೀರಾ?"

"ಪೆಟ್ರೋಲ್ ನೋಡ್ಬೇಡ್ವಾ ಮತ್ತೆ?"

ಹೆಂಡತಿ ಮುಚ್ಚಳ ಇಸಿದುಕೊಂಡು ಬೆಳಕಿಗೆ ಹಿಡಿದಳು. "ಗಾಜಿನ ಬಾಟ್ಲಿಯಿಂದ ಡ್ರಿಪ್ ಹಾಕುವಾಗ ಗಾಳಿಗೆ ಅಂತಾನೇ ಬೇರೆ ಒಂದು ಸೂಜಿ ಚುಚ್ತೀವಿ. ಇಲ್ಲಾಂದ್ರೆ ಬಾಟ್ಲಿ ತುಂಬ ಔಷಧ ಇದ್ರೂ ಹನಿ ಇಳಿಯಲ್ಲ. ಈ ಟ್ಯಾಂಕಿಗೆ ಗಾಳಿ ಎಲ್ಲಿಂದ ಹೋಗುತ್ತೆ?"

ಗಂಡನ ಕೈ ಕೋಲಿನ ಮೇಲೆಯೇ ನಿಂತಿತು.

ಮುಚ್ಚಳದ ನಡುವೆ ಗುಂಡುಸೂಜಿಯ ತಲೆಯಷ್ಟು ತೂತಿತ್ತು. ಬಣ್ಣ ಬಳಿಯುವಾಗ ಅದು ಅವನ ಕಣ್ಣಿಗೆ ಬಿದ್ದಿತ್ತು. ಬದುಕಿಡೀ ಸೋರಿಕೆ ನಿಲ್ಲಿಸಿಯೇ ಸಂಪಾದಿಸಿದವನು ಅದನ್ನು ತುಕ್ಕು ಕೊರೆದ ತೂತೆಂದು ತಿಳಿದು, ಪುಟ್ಟಿ ತುಂಬಿ, ಮರಳು ಕಾಗದದಿಂದ ಉಜ್ಜಿ, ಮೇಲೆ ಎರಡು ಕೋಟ್ ಬಣ್ಣ ಹೊಡೆದಿದ್ದ. ಎಂಜಿನ್ ಪೆಟ್ರೋಲ್ ಹೀರಿದಂತೆಲ್ಲ ಅದರ ಜಾಗಕ್ಕೆ ಹೊರಗಿನ ಗಾಳಿ ಬರಲಾಗದೆ ಪೆಟ್ರೋಲ್ ಬರುವುದೇ ನಿಲ್ಲುತ್ತಿತ್ತು. ಮುಚ್ಚಳ ತೆಗೆದರೆ ಸರಿಹೋಗುತ್ತಿತ್ತು.

"ತೂತು ಕಂಡ್ರೆ ಕೈ ಸುಮ್ನಿರಲ್ಲ ಅಲ್ವಾ?" ಎಂದಳು ಹೆಂಡತಿ. "ಬೇರೆಯವರ ಮನೆ ನೀರಿನ ಟ್ಯಾಂಕಿಗೆಲ್ಲ ಗಾಳಿ ಪೈಪು ನಿಲ್ಲಿಸೋರು ನೀವೇ ತಾನೆ?"

"ಪ್ಯಾಂಟೆಲ್ಲ ಪೆಟ್ರೋಲ್ ವಾಸನೆ ಅಂತ ಬೈದೋಳು ಯಾರು?"

"ಪ್ಯಾಂಟ್ ಒಗೀರಿ ಅಂದೆ. ಜೀಪಿನ ಮೂಗು ಮುಚ್ಚಿ ಅಂದ್ನಾ?"

ಫ್ಯೂಸಣ್ಣ ಗಂಟಲು ಸರಿಮಾಡಿಕೊಂಡ. "ಆದ್ರೂ ಕಾಯಿಲ್ ಒಂದ್ಸಲ..."

"ನೀನು ಹೋಗಿ ಸಣ್ಣ ಬಿಟ್ ಇರೋ ಡ್ರಿಲ್ ತಗೊಂಡು ಬಾ," ಎಂದ ಪ್ಲಂಬರ್.

ಟ್ಯಾಂಕಿನ ಬಾಯಿಗೆ ಬಟ್ಟೆ ತುರುಕಿ, ಮುಚ್ಚಳವನ್ನು ಅಂಗಳದ ಆಚೆ ತುದಿಗೆ ಒಯ್ದು ತೂತು ಬಿಡಿಸಿದರು.

ಹನ್ನೆರಡಕ್ಕೆ ಅಣ್ಣ ಬಂದ. ಟೈರು ಒದ್ದು ನೋಡಿ ಮುಂದಿನ ಸೀಟಿನಲ್ಲಿ ಕುಳಿತ. ಹಿಂದೆ ಫ್ಯೂಸಣ್ಣನ ಎದುರು ನರ್ಸ್ ಹತ್ತಿದಳು.

"ಏನಮ್ಮಾ, ನೀನೂ ಬರ್ತೀಯಾ?"

"ಪೇಷೆಂಟ್ ಜೊತೆ ನರ್ಸ್ ಇರ್ಬೇಕಲ್ವಾ ಭಾವ."

ಮೊದಲ ತಿರುವು ದಾಟಿತು. ಎರಡನೇ ತಿರುವಿನಲ್ಲಿ ಫ್ಯೂಸಣ್ಣ ಕಣ್ಣು ಮುಚ್ಚಿಕೊಂಡ, ಅದೂ ದಾಟಿತು. ಪ್ಲಂಬರ್ ಉಸಿರು ಬಿಡುವಷ್ಟರಲ್ಲಿ ಮೂರನೇ ತಿರುವಿನಿಂದ ನೀರಿನ ಟ್ಯಾಂಕರ್ ಲಾರಿಯೊಂದು ರಸ್ತೆ ತುಂಬ ಇಳಿದು ಬಂತು.

"ಬ್ರೇಕ್!" ಎಂದು ಕೂಗಿದ ಅಣ್ಣ ತನ್ನ ಕಾಲನ್ನು ಬಲವಾಗಿ ಕೆಳಗಿನ ತಗಡಿಗೆ ಒತ್ತಿದ. ಶಾಲೆಯ ಕಾರುಗಳಲ್ಲಿ ಅವನ ಕಡೆಗೂ ಒಂದು ಪೆಡಲ್ ಇರುತ್ತದೆ. ಇಲ್ಲಿರಲಿಲ್ಲ. ಬ್ರೇಕು ಹಿಡಿದದ್ದು ತಮ್ಮನೇ. ಜೀಪು ಕಡಿದಾದ ಏರಿನಲ್ಲಿ ಮೂತಿ ಮೇಲೆ ಮಾಡಿ ನಿಂತಿತು. ಎಂಜಿನ್ ನಡುಗುತ್ತ ಓಡುತ್ತಿತ್ತು.

ಲಾರಿ ಉಜ್ಜಿದಂತೆ ದಾಟಿಹೋಯಿತು. ಅಂಥ ಏರಿನಲ್ಲಿ ಹಿಂದಕ್ಕೆ ಉರುಳದೆ, ಎಂಜಿನ್ ಆರಿಸದೆ ಗಾಡಿ ಎತ್ತುವುದು ಅಣ್ಣನ ಶಾಲೆಯಲ್ಲಿ ಹೆಚ್ಚಿನವರು ನಪಾಸಾಗುವ ಪಾಠ. ಪ್ಲಂಬರ್ ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ಚನ್ನು ಇಷ್ಟಿಷ್ಟೇ ಬಿಟ್ಟ. ಎಂಜಿನ್ನಿನ ದನಿ ತಗ್ಗಿತು. ಹ್ಯಾಂಡ್‌ಬ್ರೇಕ್ ಬಿಟ್ಟೊಡನೆ ಜೀಪು ಒಂದಂಗುಲವೂ ಹಿಂದೆ ಜಾರದೆ ಮುಂದೆ ಹೊರಟಿತು.

ನೀರಿನ ಟ್ಯಾಂಕಿನ ಬುಡದಲ್ಲಿ ಇಳಿದು ಅಣ್ಣ ಸೊಂಟಕ್ಕೆ ಕೈಯಿಟ್ಟ. "ಮಧ್ಯದಲ್ಲಿ ನಿಂತಿತಲ್ಲ?"

"ಗಾಡಿ ನಿಂತಿತು. ಎಂಜಿನ್ ನಿಲ್ಲಲಿಲ್ಲ," ಎಂದ ತಮ್ಮ.

"ನಾಡಿ ಬಡ್ಕೊತಾನೇ ಇತ್ತು ಭಾವ, ನಾನು ಸಾಕ್ಷಿ."

"ಆ ಏರಲ್ಲಿ ಕ್ಲಚ್ ಹಿಡಿಯೋದು ಯಾರು ಕಲಿಸಿದ್ದೋ?"

"ಇನ್ಯಾರು? ನೀನೇ. ಇದೇ ಜೀಪಲ್ಲಿ."

"ಹಾಗಾದ್ರೆ ಹೆಂಗಯ್ಯ ನಪಾಸು ಮಾಡ್ಲಿ? ನನ್ನ ಶಾಲೆ ಮರ್ಯಾದೆ ಹೋಗುತ್ತೆ," ಎಂದು ಅಣ್ಣ ನಕ್ಕ. "ಕಾರಿಗೆ ಹೊರಗೆ ಎಲ್ಲಾದ್ರೂ ತಗಡಿನ ಚಪ್ಪರ ಹಾಕಿಸ್ತೀನಿ ಬಿಡು. ಈಗ ಕೀಲಿ ಕೊಡು ಇಲ್ಲಿ."

ಇಳಿಯುವಾಗ ಜೀಪು ಓಡಿಸಿದ್ದು ಅಣ್ಣ. ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತದೆ, ಬಲಗಡೆ ಸರಿಯಾಗಿ ಹಿಡಿಯುತ್ತಿಲ್ಲ ಎಂದ. ಮುಂದಿನ ಭಾನುವಾರ ಇಬ್ಬರೂ ಸೇರಿ ಬಲಗಡೆಯ ಮುಂದಿನ ಚಕ್ರ ಬಿಚ್ಚಿದರು.