ಮೂತಿಯೊಳಗಿನ ಕೊಬ್ಬರಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಚಿಕ್ಕೇರೂರಿನಲ್ಲಿ ನಮ್ಮ ಮನೆಯ ಹೋರಿ ದೀಪಾವಳಿಯ ಹೋರಿ ಬೆದರಿಸುವ ಹಬ್ಬದಲ್ಲಿ ಅಖಾಡಕ್ಕೆ ಇಳಿದರೆ ಹಿಡಿಯಲು ಬಂದ ಪೈಲ್ವಾನರು ಬೇಲಿ ಹಾರುತ್ತಿದ್ದರು. ಮೂರು ವರ್ಷ ಅದರ ಕೊರಳಿನ ಕೊಬ್ಬರಿ ಸರ ಯಾರ ಕೈಗೂ ಸಿಗಲಿಲ್ಲ. ಆ ಹೋರಿಯ ಜೊತೆ ಓಡಿ ಬೆಳೆದವನು ನಾನು, ಶಂಭುಲಿಂಗ. ಓಟಕ್ಕೆ ಅಡ್ಡ ಬರುವವರನ್ನು ಕಂಡರೆ ನನಗಾಗದು.

ಅಂಥವಳೊಬ್ಬಳ ಕೈಗೆ ಶಿಗ್ಗಾವಿಯಲ್ಲಿ ಸಿಕ್ಕಿಬಿದ್ದೆ. ಅಲ್ಲಿ ಹತ್ತಿಯ ಹಳೆಯ ಗೋದಾಮಿನಲ್ಲಿ ನಾವು ಐದು ಜನ ಬ್ಯಾಟರಿಯ ಮೇಲೆ ಓಡುವ ರೇಸ್ ಕಾರು ಕಟ್ಟುತ್ತೇವೆ. ಬಾಗಿಲ ಮೇಲೆ ‘ಮದಗ ಮೋಟರ್ಸ್’ ಎಂಬ ಬೋರ್ಡಿದೆ. ಬ್ಯಾಟರಿ ಮಾಡಿದವಳು ಮಾಸೂರಿನ ಸಂಘಮಿತ್ರಾ. ಹಿರೇಕೆರೂರಿನ ಕಾಲೇಜಿನಲ್ಲಿ ನನ್ನ ಜೊತೆ ಓದಿದವಳು. ಅವಳ ಅವ್ವ ಶಂಕ್ರವ್ವ ನಮ್ಮ ಗದ್ದೆಯಲ್ಲಿ ಎಷ್ಟೋ ವರ್ಷ ನಾಟಿ ಮಾಡಿದ್ದಾಳೆ. ಈಗ ಮಗಳು ಹೇಳುವುದು, ನಾನು ಕೇಳುವುದು. ನನ್ನ ಅಪ್ಪನಿಗೆ ಇದು ನುಂಗಲಾರದ ತುತ್ತು. ಮೊದಮೊದಲು ನನಗೂ ಹಾಗೇ ಇತ್ತು, ಸುಳ್ಳು ಯಾಕೆ ಹೇಳಲಿ.

ಕಾರು ಓಡಿಸುವವನು ನಾನು. ಅವಳ ನಿಯಮ ಒಂದೇ: ಬ್ಯಾಟರಿ ಕಾದು ಹಳದಿ ದೀಪ ಹತ್ತಿದರೆ ಕಾಲು ಸಡಿಲಿಸಬೇಕು. ಸಡಿಲಿಸದಿದ್ದರೆ ಸ್ವಲ್ಪ ಹೊತ್ತಿಗೆ ಕೆಂಪು ದೀಪ ಹತ್ತಿ, ಕಾರು ತಾನೇ ತನ್ನ ಬಲ ಇಳಿಸಿಕೊಳ್ಳುತ್ತದೆ.

“ಇದೇನ್ ಬ್ಯಾಟರಿನೋ, ಬಾಣಂತಿನೋ? ಇಷ್ಟ ಜ್ವಾಕಿ ಮಾಡ್ತಿಯಲ್ಲ” ಎಂದು ನಾನು ಕಾಡುತ್ತಿದ್ದೆ.

“ಬಾಣಂತಿಗೆ ಸಿಟ್ಟ ಬಂದ್ರ ಬೈತಾಳ. ಇದಕ್ಕ ಸಿಟ್ಟ ಬಂದ್ರ ನಿನ್ನ ಸುಡತೈತಿ. ಸುಮ್ನ ಕುಂದ್ರು” ಎನ್ನುತ್ತಿದ್ದಳು.

ಏಪ್ರಿಲ್‌ನ ಒಂದು ದಿನ ಪುಣೆಯ ರೇಸ್ ಕಂಪನಿಯಿಂದ ಮಾಹೀರಾ ಮೇಡಂ ನಮ್ಮ ಕಾರು ನೋಡಲು ಬಂದರು. ಅವರ ಹುಟ್ಟೂರು ಸವಣೂರು. ದುಂಡಸಿ ರಸ್ತೆಯ ಪಕ್ಕ ಒಂದು ಲೇಔಟ್ ಇದೆ. ಡಾಂಬರಿದೆ, ಲೈಟಿನ ಕಂಬಗಳಿವೆ, ಮನೆ ಮಾತ್ರ ಒಂದೂ ಇಲ್ಲ. ಅಲ್ಲಿ ಕಾರು ಬಲ ಕಳೆದುಕೊಳ್ಳದೆ ಇಪ್ಪತ್ತು ಸುತ್ತು ಓಡಿದರೆ ಅವರ ಕಂಪನಿಯ ಕಾರುಗಳಿಗೆ ಸಂಘಮಿತ್ರಾಳ ಬ್ಯಾಟರಿ. ಓಡದಿದ್ದರೆ ನಮ್ಮ ಗೋದಾಮಿಗೆ ಬೀಗ. ಅವಳ ಮೂರು ವರ್ಷದ ದುಡಿಮೆ ಒಂದು ದಿನದ ಮೇಲೆ ನಿಂತಿತ್ತು.

ಬೆಳಿಗ್ಗೆ ಎಂಟಕ್ಕೆ ಅವಳು ಕಾರನ್ನು ಮೂತಿಯಿಂದ ಹಿಂಭಾಗದವರೆಗೆ ನೋಡಿ ಮುಗಿಸಿದಳು. “ಇನ್ನ ಯಾರೂ ಇದನ್ನ ಮುಟ್ಟಬ್ಯಾಡ್ರಿ” ಎಂದು ಎಲ್ಲರಿಗೂ ಹೇಳಿ ಚಹಾ ಕುಡಿಯಲು ಹೋದಳು.

ನಾನು ಮುಟ್ಟಿದೆ. ಕೊಬ್ಬರಿ ಕಟ್ಟದೆ ಹೋರಿಯನ್ನು ಅಖಾಡಕ್ಕೆ ಬಿಡುವವರುಂಟೇ? ಮನೆಯಿಂದ ತಂದಿದ್ದ ಐದು ಬಟ್ಟಲು ಕೊಬ್ಬರಿಯ ಸರವನ್ನು, ಹೋರಿಯ ಬೆನ್ನಿಗೆ ಹೊದಿಸುತ್ತಿದ್ದ ಹಳೆಯ ಜೂಲದ ತುಂಡಿನಲ್ಲಿ ಸುತ್ತಿದೆ. ಕಾರಿನ ಮೂತಿಯ ಕೆಳಗೊಂದು ಕಿಂಡಿಯಿತ್ತು. ಗಂಟನ್ನು ಅದರೊಳಗೆ ಯಾರಿಗೂ ಕಾಣದಂತೆ ತುರುಕಿ ಕೈ ಮುಗಿದೆ. ಒಳ್ಳೆಯದಾಗಲಿ ಎಂದೇ ಮಾಡಿದ್ದು.

ಹತ್ತು ಸುತ್ತು ಕಾರು ಹೇಳಿದಂತೆ ಕೇಳಿತು. ಹನ್ನೊಂದರಲ್ಲಿ ಹಳದಿ ದೀಪ ಹತ್ತಿತು. ನಾನು ಕಾಲು ಸಡಿಲಿಸಲಿಲ್ಲ. ಹನ್ನೆರಡರಲ್ಲಿ ಕೆಂಪು. ಇದ್ದ ಬಲವೆಲ್ಲ ಇಳಿದುಹೋಗಿ, ಕಾರು ಹೊಟ್ಟೆ ತುಂಬಿದ ಎಮ್ಮೆಯಂತೆ ನಡೆದು ಬಂದು ಮಾಹೀರಾ ಮೇಡಂ ಎದುರಿಗೇ ನಿಂತಿತು.

ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲರ ಮುಂದೆ ಮಾನ ತೆಗೆಯಿತಲ್ಲ ನಿನ್ನ ಬ್ಯಾಟರಿ ಎಂದು ಕೂಗುತ್ತಲೇ ಇಳಿಯಬೇಕೆಂದಿದ್ದೆ. ಸಂಘಮಿತ್ರಾ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ರಸ್ತೆಯಲ್ಲೇ ಕುಳಿತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ತಲೆಯೆತ್ತಿದಳು.

“ತಣ್ಣಗ ಮಾಡೋ ಗಾಳಿ ಒಳಗ ಬಂದಿಲ್ರಿ, ಮೇಡಂ” ಎಂದಳು. “ಈ ಬಿಸಿಲಿಗೆ ನಾ ಮೂತ್ಯಾಗ ಬಿಟ್ಟ ಕಿಂಡಿ ಸಾಲವಲ್ದು. ನನ್ನ ಲೆಕ್ಕನ ತಪ್ಪೈತಿ.”

ಆ ಕಿಂಡಿ ಏತಕ್ಕಿದೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಮಾಹೀರಾ ಮೇಡಂ ಏನೋ ಬರೆದುಕೊಳ್ಳತೊಡಗಿದರು. ನಾನು ಸುಮ್ಮನಿದ್ದು ಸಂಜೆ ಗಂಟನ್ನು ಎಳೆದು ಬಿಸಾಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಪ್ಪು ಅವಳ ತಲೆಗೇ ಉಳಿಯುತ್ತಿತ್ತು. ಜನ ನಂಬುತ್ತಲೂ ಇದ್ದರು. ಕೂಲಿಯವಳ ಮಗಳಿಗೆ ಕಾರಿನ ಉಸಾಬರಿ ಯಾಕೆ ಬೇಕಿತ್ತು ಎನ್ನುವ ಬಾಯಿಗಳಿಗೆ ನಮ್ಮ ಕಡೆ ಬರವಿಲ್ಲ. ನಮ್ಮ ಮನೆಯ ಪಡಸಾಲೆಯಲ್ಲೇ ಮೊದಲು ಆ ಮಾತು ಬರುತ್ತಿತ್ತು. ಅದು ಹೊಳೆದದ್ದೇ ತಡ, ನನಗೆ ನನ್ನ ಮೇಲೇ ಹೇಸಿಕೆಯಾಯಿತು.

ನೆಲಕ್ಕೆ ಮಲಗಿ ಕಿಂಡಿಯೊಳಗೆ ಕೈ ಹಾಕಿದೆ. ಜೂಲ ಬಿಚ್ಚಿಕೊಂಡು ಒಳಗಿನ ಜಾಲರಿಯನ್ನು ಪೂರ್ತಿ ಮುಚ್ಚಿತ್ತು. ಕೊಬ್ಬರಿಯ ಸಮೇತ ಎಳೆದು ರಸ್ತೆಯ ಮೇಲೆ ಹಾಕಿದೆ.

“ಇದನ್ನ ಇಟ್ಟಾಂವ ನಾನ ರೀ, ಮೇಡಂ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. “ಆಕಿ ಮುಟ್ಟಬ್ಯಾಡ್ರಿ ಅಂದಿದ್ಲು, ನಾ ಮುಟ್ಟೇನಿ. ಹಳದಿ ದೀಪ ಹತ್ತಿದ ಮ್ಯಾಲೂ ಕಾಲು ತಗೀಲಿಲ್ಲ. ಬ್ಯಾಟರಿದೇನೂ ತಪ್ಪಿಲ್ರಿ.”

ಸಂಘಮಿತ್ರಾ ಎದ್ದು ಬಂದು ಕೊಬ್ಬರಿಯನ್ನು ನೋಡಿದಳು, ನನ್ನನ್ನು ನೋಡಿದಳು. ಹೊಡೆದಿದ್ದರೆ ಹಗುರಾಗುತ್ತಿದ್ದೆ. ಅವಳು ಬಗ್ಗಿ ಜಾಲರಿ ಹರಿದಿದೆಯೇ ಎಂದು ನೋಡತೊಡಗಿದಳು.

ಮಾಹೀರಾ ಮೇಡಂ ಪೆನ್ನು ಕೆಳಗಿಟ್ಟು ನಕ್ಕರು. “ಇಂಥಾ ಟೆಸ್ಟ್ ಮಾಡೋ ಧೈರ್ಯ ಪುಣೆದಾಗ ಯಾರಿಗೂ ಬಂದಿಲ್ಲ ನೋಡ್ರಿ. ಮೂಗು ಕಟ್ಟಿದ್ರೂ ಹನ್ನೆರಡ ಸುತ್ತ ಬಂತು, ಬೆಂಕಿ ಹತ್ತಲಿಲ್ಲ. ಅದನ್ನೂ ಬರಕೊಂಡೇನಿ. ಆದ್ರ ಇಪ್ಪತ್ತು ಅಂದ್ರ ಇಪ್ಪತ್ತ.”

“ಎರಡ ತಾಸು ಕೊಡ್ರಿ. ಬ್ಯಾಟರಿ ಆರ್ಲಿ, ಚಾರ್ಜ್ ಆಗ್ಲಿ” ಎಂದಳು ಸಂಘಮಿತ್ರಾ.

ಎರಡು ತಾಸಿನ ಮೇಲೆ ನಾನು ಹೆಲ್ಮೆಟ್ಟಿಗೆ ಕೈ ಚಾಚಿದರೆ ಅದು ಅವಳ ಕಂಕುಳಲ್ಲಿತ್ತು.

“ಇವತ್ತ ನಾ ಓಡಸ್ತೇನಿ.”

“ನಿನಗ ಅಷ್ಟ ಜೋರ ಓಡಿಸಿ ಗೊತ್ತಿಲ್ಲಲ್ಲ.”

“ಬ್ಯಾಟರಿ ಗೊತ್ತೈತಿ” ಎಂದು ಬಾಗಿಲು ಹಾಕಿಕೊಂಡಳು.

ಹೊಟ್ಟೆ ಉರಿಯಿತು, ನಿಜ. ಮೊದಲ ನಾಲ್ಕು ಸುತ್ತು ತಿರುವಿನಲ್ಲಿ ಅಳುಕಿದಳು. ನಾನು ಹಲ್ಲು ಕಚ್ಚಿಕೊಂಡೆ. ಐದನೆಯದರಿಂದ ಹದ ಸಿಕ್ಕಿತು. ಹನ್ನೊಂದು ದಾಟಿತು, ಹನ್ನೆರಡು ದಾಟಿತು, ವೇಗ ಇಳಿಯಲಿಲ್ಲ. ಹದಿನೆಂಟಕ್ಕೆ ನನ್ನ ಗಂಟಲು ಕೂಗಿ ಕೂಗಿ ಒಣಗಿತ್ತು. ಇಪ್ಪತ್ತು ಮುಗಿದಾಗ ಮಾಹೀರಾ ಮೇಡಂ ತಾವೇ ಹೋಗಿ ಕಾರಿನ ಬಾಗಿಲು ತೆಗೆದು ಅವಳ ಕೈ ಹಿಡಿದರು.

ನಾನು ದೂರವೇ ನಿಂತಿದ್ದೆ. ಸಂಘಮಿತ್ರಾ ಬೆವರು ಒರೆಸುತ್ತ ನೇರ ನನ್ನ ಬಳಿ ಬಂದಳು.

“ಒಂದೊಂದ ಸುತ್ತಿಗೂ ನಾಕ ಸೆಕೆಂಡ್ ನಿನಗಿಂತ ಹಿಂದ ಬಿದ್ದೆ” ಎಂದಳು. “ನಾಳೆ ಎಂಟಕ್ಕ ಬಾ. ಬರಿಗೈಲೆ ಬಾ.”

ಗಾಡಿಯ ಸದ್ದಿಲ್ಲದ ಓಟ ನೋಡಲು ರಸ್ತೆಯಲ್ಲಿ ಬೈಕು ನಿಲ್ಲಿಸಿಕೊಂಡಿದ್ದ ದುಂಡಸಿಯ ಮುದುಕ ಮಾರೆಪ್ಪ ನನ್ನ ಹೆಗಲು ತಟ್ಟಿ, “ಯಾರದಪಾ ಗಾಡಿ?” ಎಂದು ಕೇಳಿದ.

“ಮಾಸೂರ ಶಂಕ್ರವ್ವನ ಮಗಳದು. ಮಾಡಿದಾಕಿನೂ ಆಕಿನ, ಓಡಿಸಿದಾಕಿನೂ ಆಕಿನ.”

“ಮತ್ತ ನೀ?”

“ನಾ ಆಕಿ ಕೈಕೆಳಗ ಕೆಲಸ ಮಾಡ್ತೇನ್ರಿ” ಎಂದೆ. ಹಾಗೆ ಹೇಳಿಕೊಂಡದ್ದು ಅದೇ ಮೊದಲು. ಹೇಳುವಾಗ ನನಗೆ ತುಂಬ ಖುಷಿಯಾಯಿತು.