ಪರದೆಯ ಮೂಲೆಗೆ ಅಂಟಿಸಿದ ಲೇಬಲ್ಲು

ಟೇಲರ್ ಅಂಗಡಿಯ ಕಂಪ್ಯೂಟರಿಗೆ ಹದಿನಾಲ್ಕು ವರ್ಷ. ದಿನಾ ಬೆಳಿಗ್ಗೆ ಪರದೆಯ ಮೂಲೆಯಲ್ಲಿ ಒಂದು ಎಚ್ಚರಿಕೆ ಮೂಡುತ್ತಿತ್ತು: 'ಈ ಆಪರೇಟಿಂಗ್ ಸಿಸ್ಟಮ್‌ಗೆ ಇನ್ನು ಅಪ್‌ಡೇಟ್ ಬರುವುದಿಲ್ಲ.' ಟೇಲರು ಅದನ್ನು ನೊಣ ಓಡಿಸುವಂತೆ ಓಡಿಸಿ ನೋಡಿದ. ಅದು ಮತ್ತೆ ಬಂದು ಕೂತಿತು. ಕೊನೆಗೆ ಅಂಗಿಯ ಕಾಲರಿಗೆ ಹೊಲಿಯುವ ಅಳತೆಯ ಲೇಬಲ್ಲೊಂದಕ್ಕೆ ಗೋಂದು ಹಚ್ಚಿ ಆ ಮೂಲೆಗೇ ಅಂಟಿಸಿಬಿಟ್ಟ. ಅವನ ಪ್ರಕಾರ ಕಂಪ್ಯೂಟರು ವಾಸಿಯಾಯಿತು.

ಹೆಂಡತಿಗೆ ಸಮಾಧಾನವಿರಲಿಲ್ಲ. ಎಂಬ್ರಾಯ್ಡರಿ ಮಷೀನು ನಡೆಸುವವಳು ಅವಳು. ತೀರಿಹೋದ ಅತ್ತೆ ಕೈಯಾರೆ ಬರೆದ ಬಳ್ಳಿ, ಹೂವು, ಹಕ್ಕಿಗಳ ಇನ್ನೂರು ನಮೂನೆಗಳು ಸ್ಕ್ಯಾನ್ ಆಗಿ ಆ ಕಂಪ್ಯೂಟರಿನಲ್ಲಿದ್ದವು. ಕಾಗದಗಳನ್ನು ಗೆದ್ದಲು ತಿಂದು ಮುಗಿಸಿತ್ತು, ಬೇರೆಲ್ಲೂ ನಕಲಿರಲಿಲ್ಲ. ವಾರದಿಂದ ಒಂದೊಂದು ಫೈಲು ತೆರೆಯುವುದಕ್ಕೂ ಕಂಪ್ಯೂಟರು ಏದುಸಿರು ಬಿಡುತ್ತಿತ್ತು. ಅವಳು ಕೂತಲ್ಲಿ ಕೂರಲಾರದೆ ಏಳುವಳು, ಕತ್ತರಿ ಎತ್ತಿಡುವಳು, ಮತ್ತೆ ಕೂರುವಳು.

ಆವತ್ತು ಕೋಟಿನ ತೋಳು ಗಿಡ್ಡ ಮಾಡಿಸಲು ಅವಳ ನಾದಿನಿ, ಟೇಲರನ ತಂಗಿ, ಬಂದಳು. ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಕಣ್ಣು ನೇರ ಪರದೆಗೆ ಹೋಯಿತು.

"ಅಣ್ಣಾ, ಕಂಪ್ಯೂಟರಿಗೂ ಸೈಜ್ ನಲವತ್ತಾ?"

"ಅದರ ಬಾಯಿ ಮುಚ್ಚಿಸಿದೀನಿ ಕಣೇ."

ನಾದಿನಿ ಉಗುರಿನಿಂದ ಲೇಬಲ್ಲು ಕಿತ್ತು ಓದಿದಳು. "ಎಷ್ಟು ದಿನದಿಂದ ಹೀಗಿದೆ?"

"ದಿನವಂತೆ! ಎರಡು ವರ್ಷ ಆಯ್ತು," ಅಂದಳು ಹೆಂಡತಿ.

"ಚೆನ್ನಾಗಿ ಓಡ್ತಿದೆಯಲ್ಲ," ಟೇಲರು ಬಿಡಲಿಲ್ಲ. "ಓಡೋದನ್ನ ಯಾಕೆ ಕೆಣಕಬೇಕು?"

"ಅಣ್ಣಾ, ಅಂಗಿ ಹೊಲಿಗೆ ಬಿಟ್ರೆ ಏನ್ಮಾಡ್ತೀಯ?"

"ಹಾಕ್ಕೊಡ್ತೀನಿ."

"ಕಂಪ್ಯೂಟರೊಳಗೂ ಹೊಲಿಗೆ ಬಿಡುತ್ತೆ. ಕಳ್ಳರು ಆ ಸಂದೀನೇ ಹುಡುಕ್ತಿರ್ತಾರೆ. ಕಂಪನಿಯವರು ಕಂಡಾಗೆಲ್ಲ ಹೊಲಿಗೆ ಹಾಕಿ ಕಳಿಸೋದೇ ಅಪ್‌ಡೇಟು. ನಿನ್ನದು ತೀರಾ ಹಳೇದು, ಅದಕ್ಕೆ ಸೂಜಿ ಕೆಳಗಿಟ್ಟಿದಾರೆ."

"ಗೊತ್ತಮ್ಮಾ. ಇಂಟರ್ನೆಟ್ ವೈರೇ ಕಿತ್ತು ಹಾಕಿದೀನಿ." ಟೇಲರು ಮೀಸೆಯ ಮೇಲೆ ಕೈಯಾಡಿಸಿದ. "ಕಳ್ಳ ಇನ್ನೆಲ್ಲಿಂದ ಬರ್ತಾನೆ, ಸೂಜಿ ಕಣ್ಣಿಂದ ತೂರಿಕೊಂಡಾ?"

ನಾದಿನಿ ಮೇಜಿನ ಮೇಲಿದ್ದ ಗುಂಡಿ ಡಬ್ಬವನ್ನು ಗಲಗಲ ಅಲ್ಲಾಡಿಸಿದಳು. ಗುಂಡಿಗಳ ನಡುವೆ ಏಳು ಪೆನ್‌ಡ್ರೈವ್. ತಮಗೆ ಬೇಕಾದ ಹೆಸರು, ಹೂವು, ಶಾಲೆಯ ಲಾಂಛನ ತುಂಬಿಸಿ ಗಿರಾಕಿಗಳು ಕೊಟ್ಟುಹೋದವು. ಬಂದದ್ದನ್ನೆಲ್ಲ ಹಿಂದುಮುಂದು ನೋಡದೆ ಕಂಪ್ಯೂಟರಿಗೆ ಚುಚ್ಚುವುದು ಅಂಗಡಿಯ ರೂಢಿ.

"ಕಳ್ಳರನ್ನ ಡಬ್ಬದಲ್ಲಿ ಜೋಪಾನ ಮಾಡಿದೀಯಲ್ಲೋ!"

ಹೆಂಡತಿ ಅಷ್ಟರಲ್ಲಿ ಅತ್ತೆಯ ಫೋಲ್ಡರು ತೆರೆದಿದ್ದಳು. ಮೊದಲ ನಮೂನೆ ಬಂತು. ಎರಡನೆಯದು ಬರಲಿಲ್ಲ. ಮೂರನೆಯದೂ ಇಲ್ಲ. ಹೆಸರುಂಟು, ಒಳಗೇನೂ ಇಲ್ಲ.

"ರೀ... ಅತ್ತೆಯ ಜೋಡಿಹಕ್ಕಿ ಹೋಯ್ತು."

ಟೇಲರನ ಕೈ ಮೀಸೆಯಿಂದ ಇಳಿಯಿತು.

"ಇನ್ನೇನೂ ಒತ್ತಬೇಡಿ ಅತ್ತಿಗೆ." ನಾದಿನಿ ಬ್ಯಾಗಿನಿಂದ ಖಾಲಿ ಡಿಸ್ಕು ತೆಗೆದಳು. ಎಲ್ಲವನ್ನೂ ಅದಕ್ಕೆ ನಕಲಿಳಿಸಿ, ತನ್ನ ಲ್ಯಾಪ್‌ಟಾಪಿನಲ್ಲಿ ವೈರಸ್ ಪರೀಕ್ಷೆಗೆ ಹಾಕಿದಳು. ಹಸಿರು ಪಟ್ಟಿ ಇರುವೆಯಂತೆ ತೆವಳಿತು. ಟೇಲರು ಸುಮ್ಮನೆ ಟೇಪು ಹಿಡಿದು ಮೇಜನ್ನು ಮೂರು ಸಲ ಅಳೆದ. ಮೂರು ಸಲವೂ ಬೇರೆ ಬೇರೆ ಅಳತೆ ಬಂತು.

ಯಾವುದೋ ಪೆನ್‌ಡ್ರೈವಿನಿಂದ ಬಂದ ವೈರಸ್ಸು ಹನ್ನೊಂದು ನಮೂನೆಗಳನ್ನು ತಿಂದುಹಾಕಿತ್ತು, ಉಳಿದವು ಸಿಕ್ಕವು. ಅಮ್ಮ ಕಡೆಯದಾಗಿ ಬರೆದ ನಮೂನೆಯೂ ತೆರೆಯಿತು: ಉದ್ದನೆಯ ಬಳ್ಳಿ, ತುದಿಯಲ್ಲಿ ಅರ್ಧ ಬರೆದ ಎಲೆ.

"ಆಮೇಲೆ ಮುಗಿಸಿದರಾಯ್ತು ಏಳಮ್ಮಾ ಅಂದಿದ್ದೆ," ಅಂದ ಟೇಲರು. ಟೇಪು ಸುತ್ತಿ ಮೇಜಿನ ಮೇಲಿಟ್ಟ. ತಂಗಿಯನ್ನು ಕೇಳಿದ: "ಮಷೀನು ಹಳೇ ಕಂಪ್ಯೂಟರಿನ ಮಾತು ಮಾತ್ರ ಕೇಳುತ್ತಲ್ಲೇ?"

"ಕೇಳಲಿ. ಇದನ್ನ ಪೂರ್ತಿ ಅಳಿಸಿ, ಶುದ್ಧ ಮಾಡಿ, ಮಷೀನಿಗೆ ಮಾತ್ರ ಇಟ್ಕೋ. ಇಂಟರ್ನೆಟ್ಟು, ಬ್ಯಾಂಕಿನ ಕೆಲಸ ಇದರಲ್ಲಿ ಬೇಡವೇ ಬೇಡ. ಅದಕ್ಕೆಲ್ಲ ಅಪ್‌ಡೇಟ್ ಬರೋ ಕಂಪ್ಯೂಟರು ಬೇಕು. ಗಿರಾಕಿಗಳ ಪೆನ್‌ಡ್ರೈವ್ ಮೊದಲು ಅಲ್ಲೇ ಪರೀಕ್ಷೆ ಆಗಲಿ. ಅಮ್ಮನ ನಮೂನೆ ಎರಡು ಕಡೆ ಇರಲಿ."

"ಸರಿ. ನಾಳೆ ಹೋಗಿ ಹೊಸದು ನೋಡೋಣ."

"ನಾಳೆ ಅಂದ್ರೆ ಇನ್ನೊಂದು ಲೇಬಲ್ಲು ಅಂಟಿಸ್ತೀರಿ. ಏಳಿ!" ಹೆಂಡತಿ ಆಗಲೇ ಚಪ್ಪಲಿ ಮೆಟ್ಟಿದ್ದಳು.

ಓದುತ್ತಿರುವವರೇ, ನಿಮ್ಮ ಕಂಪ್ಯೂಟರಿಗೆ ಅಪ್‌ಡೇಟ್ ಇನ್ನೂ ಬರುತ್ತಿದೆಯೇ? ಈವತ್ತೇ ನೋಡಿ. ಗೊತ್ತಾಗದಿದ್ದರೆ ಗೊತ್ತಿರುವವರನ್ನು ಕೇಳಿ, ನಾಚಿಕೆಯೇನಿಲ್ಲ. ಬಂದ ಅಪ್‌ಡೇಟನ್ನು ಮುಂದೂಡಬೇಡಿ. ಬರುವುದು ನಿಂತಿದ್ದರೆ ಹೊಸ ವ್ಯವಸ್ಥೆಗೆ ಬದಲಾಯಿಸಿ. ಕಳೆದುಕೊಳ್ಳಲಾಗದ್ದನ್ನು ಮೊದಲು ಇನ್ನೊಂದು ಕಡೆ ನಕಲು ಮಾಡಿಡಿ. ಕಂಪ್ಯೂಟರು ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಆ ಹನ್ನೊಂದು ನಮೂನೆಗಳನ್ನು ಮತ್ತೆ ಬರೆಯುವ ಕೈ ಸಿಗುವುದಿಲ್ಲ.