ಫಕ್ಕೀರವ್ವನ ಮನೆಗೆ ಕರ್ಚಿಕಾಯಿ

ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬಕ್ಕೆಂದು ಒಲೆಯ ಮೇಲೆ ಎಣ್ಣೆ ಬಾಣಲೆ ಇಡುವುದಿಲ್ಲ. ಓಣಿಯವರೇ ಸಿಹಿ ತಂದು ಬಾಯಿಗಿಡಬೇಕು. ರಾಣೆಬೆನ್ನೂರಿನ ಆ ಓಣಿಯಲ್ಲಿ ಮೂವತ್ತು ವರ್ಷ ಈ ಕೆಲಸಕ್ಕೆ ಮುಂದೆ ನಿಂತವಳು ಫಕ್ಕೀರವ್ವ. ಯಾರ ಮನೆಯಲ್ಲಿ ದುಃಖವಾದರೂ ಮೊದಲು ಹೋಗುತ್ತಿದ್ದುದು ಅವಳ ಕರ್ಚಿಕಾಯಿಯ ತಾಟು.

ಈ ಸಲ ದುಃಖ ಅವಳ ಮನೆಗೇ ಬಂದಿತ್ತು. ಶ್ರಾವಣದಲ್ಲಿ ಗಂಡ ಉಡಚಪ್ಪ ತೀರಿಕೊಂಡಿದ್ದ. ದೀಪಾವಳಿ ಪಾಡ್ಯದ ಬೆಳಿಗ್ಗೆಯಿಂದ ಅವಳು ಕಟ್ಟೆಯ ಮೇಲೆ ಕೂತು ಕಾದಳು. ಎಲ್ಲ ಮನೆಗಳಿಂದ ಏಲಕ್ಕಿಯ ವಾಸನೆ ಬಂತು, ತಾಟು ಮಾತ್ರ ಬರಲಿಲ್ಲ.

ಯಾರು ತಂದಾರು? ಮಂದಿಯ ಅಡುಗೆಗೆ ಹೆಸರಿಡುವುದರಲ್ಲಿ ಅವಳ ನಾಲಿಗೆ ಮಹಾ ಹರಿತ. ಪಕ್ಕದ ಮನೆಯ ಶ್ರೀದೇವಿಯ ಹೂರಣ ಬಾಯಿಗಿಟ್ಟು, “ಇದೇನ ಉಸುಕೇನವ್ವಾ?” ಎಂದು ನಾಲ್ಕು ಜನರೆದುರು ಕೇಳಿದವಳು. ಅವಳ ಮುಂದೆ ತಮ್ಮ ತಾಟು ಹಿಡಿಯುವ ಧೈರ್ಯ ಯಾರಿಗಿದೆ? ಮಾಡಿದ್ದುಣ್ಣೋ ಮಹಾರಾಯ ಎಂದು ತನಗೆ ತಾನೇ ಅಂದುಕೊಂಡಳು.

ಮಗ ವಿಜಯಮಹಾಂತೇಶ ಹೊರಬಂದು ನೋಡಿದ. “ಯವ್ವಾ, ಪ್ಯಾಟ್ಯಾಗಿಂದ ಒಂದ ಡಬ್ಬಿ ತರ್ಲೇನು?”

“ಬ್ಯಾಡಪಾ. ನಾವ ತರೂದಲ್ಲ ಅದು. ಮಂದಿ ತಂದ ಕೊಡಬೇಕು.”

ಅವಳಿಗೆ ಬೇಕಾಗಿದ್ದುದು ಸಿಹಿಯಲ್ಲ, ‘ನಾವ ಅದೀವಿ ನಿನ್ನ ಕೂಡ’ ಎನ್ನುವ ಒಂದು ಕೈ. ಖರೇ ಹೇಳಬೇಕೆಂದರೆ ಸಿಹಿಯೂ ಬೇಕಾಗಿತ್ತು. ಎಲ್ಲಕ್ಕಿಂತ ಉಡಚಪ್ಪ ಬೇಕಾಗಿದ್ದ. ಪ್ರತಿ ದೀಪಾವಳಿಗೆ ಅವನು ಒಲೆಯ ಬಳಿ ಸುಳಿದು, ದೇವರಿಗೆ ಎಡೆಯಾಗುವ ಮೊದಲೇ ಬಿಸಿ ಕರ್ಚಿಕಾಯಿಗೆ ಕೈ ಹಾಕುತ್ತಿದ್ದ. ಅವಳು ಜಾಲರಿ ಸೌಟಿನಿಂದ ಆ ಕೈಗೊಂದು ಪೆಟ್ಟು ಕೊಡುತ್ತಿದ್ದಳು. ಒಂದು ಸಲವಾದರೂ ತಿನ್ನಲಿ ಎಂದು ಬಿಡಬಾರದಿತ್ತೇ? ದೇವರೇನು ಉಪವಾಸ ಬೀಳುತ್ತಿದ್ದನೇ?

ಮಧ್ಯಾಹ್ನದ ಹೊತ್ತಿಗೆ ಶ್ರೀದೇವಿಯ ಸೊಸೆ ಅರುಣಾ ಬಂದಳು. ಬ್ಯಾಡಗಿಯ ಹುಡುಗಿ, ಈ ಓಣಿಗೆ ಬಂದು ಒಂದು ವರ್ಷವಾಗಿತ್ತು. ಸೆರಗಿನಡಿಯಿಂದ ತಾಟು ತೆಗೆದಳು.

“ಅತ್ತಿ ಬ್ಯಾಡ ಅಂದ್ರು, ಸುಮ್ನ ಬೈಸ್ಕೊಂಡ ಬರ್ತೀ ಅಂತ. ಆದ್ರ ನೀವು ಮುಂಜಾನಿಂದ ಇಲ್ಲೇ ಕುಂತೀರಲ್ರಿ ದೊಡ್ಡವ್ವಾ, ನೋಡಾಕ ಆಗ್ಲಿಲ್ಲ. ನಾನ ಮಾಡೀನ್ರಿ. ಹಿಂತಾವ ಮಾಡಿದ್ದು ಇದ ಮೊದ್ಲು.”

ತಾಟಿನಲ್ಲಿ ಐದು ಕರ್ಚಿಕಾಯಿ. ಎರಡು ಬಾಯಿ ಬಿಟ್ಟಿದ್ದವು, ಇನ್ನೊಂದು ಒಂದು ಕಡೆ ಸೀದಿತ್ತು. ಫಕ್ಕೀರವ್ವ ಒಂದನ್ನು ಮುರಿದು ಬಾಯಿಗಿಟ್ಟಳು. ಅಗಿಯುತ್ತಿದ್ದಂತೆ ಕಣ್ಣೀರು ದಳದಳ ಇಳಿಯಿತು.

ಅರುಣಾ ಗಾಬರಿಯಾದಳು. “ಕಣಕಕ್ಕ ಉಪ್ಪ ಹೆಚ್ಚಾತೇನ್ರಿ?”

“ಭಾಳ ಹೆಚ್ಚಾಗೇತಿ,” ಎಂದಳು ಫಕ್ಕೀರವ್ವ, ಮೂಗು ಒರೆಸಿಕೊಳ್ಳುತ್ತ. “ಇನ್ನೊಂದ ಕೊಡು.”